ರೂಟರ್ ಅಪ್‌ಡೇಟ್ ಮಾಡಿ, ಆದ್ರೆ ನಮ್ಮ ಸೆಟ್ಟಿಂಗ್ ಅಳಿಸ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಮಲೆನಾಡಿನ ನೆಟ್‌ವರ್ಕ್ ಗೋಳು ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರ್ತಾನೇ ಇರತ್ತೆ. ಟವರ್ ಇಲ್ಲ, ಇದ್ರೂ ಕರೆಂಟ್ ಹೋದ ಅರ್ಧ ಗಂಟೆಗೆ ಟವರ್ರೂ ಹೋಗತ್ತೆ, 2021ರಲ್ಲಿ ನಮ್ಮ ಕಡೆ ಹಳ್ಳಿಗಳಲ್ಲಿ 'ನೋ ನೆಟ್‌ವರ್ಕ್ ನೋ ವೋಟಿಂಗ್' ಅಂತ ಜನ ಬೋರ್ಡ್ ಹಾಕಿದ್ದೂ ಸುದ್ದಿ ಆಗಿತ್ತು. ಈಗ ಎಷ್ಟೋ ಊರಿಗೆ ಫೈಬರ್ ಬಂದಿದೆ, ಖುಷಿ ವಿಷಯ. ಆದ್ರೆ ಫೈಬರ್ ಮನೆ ಒಳಗೆ ಬಂದ ಮೇಲೂ ಒಂದು ತೊಂದ್ರೆ ಇದೆ, ಅದನ್ನ ಯಾರೂ ಬರೆದಿದ್ದು ನಾನು ನೋಡಿಲ್ಲ. ಗೋಡೆ ಮೇಲಿರೋ ಆ ರೂಟರ್ ಡಬ್ಬಿಯ ಫರ್ಮ್‌ವೇರ್‌ನ (ಅಂದ್ರೆ ಅದನ್ನ ನಡೆಸೋ ಒಳಗಿನ ಸಾಫ್ಟ್‌ವೇರ್‌ನ) ದೂರದಲ್ಲೆಲ್ಲೋ ಕೂತು ಬದಲಾಯಿಸ್ತಾರಲ್ಲ, ಆವಾಗ ಒಳಗಿನ ಸೆಟ್ಟಿಂಗ್ ಹಾರಿಹೋಗೋ ತೊಂದ್ರೆ. ಇದನ್ನ ಮಾಡೋ ಕಡೆನೂ ನಾನು ಇದ್ದೀನಿ, ಅನುಭವಿಸೋ ಕಡೆನೂ ಇದ್ದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನಾನು ಬೆಂಗಳೂರಲ್ಲಿ ನೆಟ್‌ವರ್ಕ್ ಕೆಲಸದಲ್ಲೇ ಇರೋನು, ಹೊಸನಗರ ತಾಲೂಕಿನ ಊರಲ್ಲಿ ಅಪ್ಪ ಅಮ್ಮ ಇಬ್ರೇ. ಮನೆ ತೋಟದ ಪಕ್ಕ ತಗ್ಗಲ್ಲಿದೆ, ಯಾವ ಸಿಮ್‌ಗೂ ಒಂದು ಕಡ್ಡಿ ಸಿಗ್ನಲ್ ಬರಲ್ಲ. ಫೋನ್ ಬಂದ್ರೂ ಹೋದ್ರೂ ಎಲ್ಲಾ ವೈಫೈ ಕಾಲಿಂಗಲ್ಲೇ. ಅಂದ್ರೆ ನಮ್ಮನೇಲಿ ರೂಟರ್ ನಿಂತ್ರೆ ಬರೀ ಯೂಟ್ಯೂಬ್ ನಿಲ್ಲಲ್ಲ, ಫೋನೇ ನಿಲ್ಲತ್ತೆ. ಇದು ಪೇಟೆಯಲ್ಲಿರೋರಿಗೆ ಗೊತ್ತಾಗಲ್ಲ, ಅದಕ್ಕೆ ಮೊದ್ಲೇ ಹೇಳಿದೆ.

ಅಲ್ಲಿ ನಾನು ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಫ್ರೀ ಫರ್ಮ್‌ವೇರ್ ಹಾಕಿದ ರೂಟರ್ ಇಟ್ಟಿದ್ದೆ. ಕಂಪನಿಯವರು ನಮಗೆ ಪಬ್ಲಿಕ್ ಐಪಿ (ಇಂಟರ್ನೆಟ್‌ನಲ್ಲಿ ನಮ್ಮದೇ ಆದ ವಿಳಾಸ) ಕೊಡಲ್ಲ, ಹೊರಗಿಂದ ನೇರ ಒಳಗೆ ಹೋಗೋಕಾಗಲ್ಲ, ಅದಕ್ಕೆ ಊರಿನ ರೂಟರ್ರೇ ಹೊರಗಿರೋ ನನ್ನ ಒಂದು ಸಣ್ಣ ಸರ್ವರ್‌ಗೆ ವೈರ್‌ಗಾರ್ಡ್ ಟನಲ್ (ಬೇರೆಯವರಿಗೆ ಕಾಣದ ಖಾಸಗಿ ದಾರಿ) ಹಾಕ್ಕೊಳ್ಳೋ ಹಾಗೆ ಮಾಡಿದ್ದೆ. ಬೆಂಗಳೂರಿಂದ ಆ ಟನಲ್ ಒಳಗೆ ನುಗ್ಗಿ ಊರಿನ ರೂಟರ್ ನೋಡ್ಕೋತಿದ್ದೆ, ಒಂದು ವರ್ಷ ಚೆನ್ನಾಗೇ ನಡೀತು.

2022ರ ಸೆಪ್ಟೆಂಬರಲ್ಲಿ ಓಪನ್‌ಡಬ್ಲ್ಯೂಆರ್‌ಟಿಯ 22.03 ಅನ್ನೋ ಹೊಸ ಆವೃತ್ತಿ ಬಂತು, ನಮ್ಮದು 21.02ರಲ್ಲಿತ್ತು. ನವೆಂಬರ್‌ನಲ್ಲಿ ಒಂದಿನ ರಾತ್ರಿ ಹತ್ತೂವರೆಗೆ ಕೂತೆ. ಊರಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು, ಅಪ್ಪ ಇನ್ನೂ ಎದ್ದಿದ್ರು. ಸೆಟ್ಟಿಂಗ್‌ದು ಬ್ಯಾಕಪ್ ಇಳಿಸ್ಕೊಂಡೆ, ಇಮೇಜ್ (ಹೊಸ ಫರ್ಮ್‌ವೇರ್‌ನ ಫೈಲ್) ನಮ್ಮ ಮಾಡೆಲ್‌ದೇನಾ ಅಂತ ಎರಡು ಸಲ ನೋಡಿದೆ, 'ಸೆಟ್ಟಿಂಗ್ ಉಳಿಸು' ಅನ್ನೋ ಕಡೆ ಟಿಕ್ ಇದೆಯಾ ನೋಡಿದೆ, ಇತ್ತು. ಒತ್ತಿದೆ. ಮೂರ್ನಾಲ್ಕು ನಿಮಿಷದಲ್ಲಿ ವಾಪಸ್ ಬರ್ಬೇಕು. ಐದಾಯ್ತು, ಹತ್ತಾಯ್ತು, ರೂಟರ್ ಉತ್ತರ ಕೊಡತ್ತಾ ಅಂತ ನೋಡೋ ಪಿಂಗ್ ಸ್ಕ್ರೀನಲ್ಲಿ ಟೈಮ್ಡ್ ಔಟ್, ಟೈಮ್ಡ್ ಔಟ್ ಅಂತ ಸಾಲು ಬೀಳ್ತಾನೇ ಇದೆ. ಎದೆ ಡವಡವ.

ಅಪ್ಪಂಗೆ ಫೋನ್ ಮಾಡಿದೆ, ಎತ್ತಿದ್ರು. ಆ ಗಾಬರೀಲಿ ನಂಗೆ ಹೊಳೀಬೇಕಾಗಿದ್ದು ಹೊಳೀಲಿಲ್ಲ, ಏನಂದ್ರೆ ಫೋನ್ ಹೋಗಿದ್ದೇ ವೈಫೈ ಮೇಲೆ, ಅಂದ್ರೆ ಮನೇಲಿ ನೆಟ್ ಸರಿಯಾಗೇ ಇದೆ ಅಂತ. ರೂಟರ್ ಅರ್ಧಕ್ಕೆ ನಿಂತಿದೆ ಅಂತ ಅಂದ್ಕೊಂಡು 'ಅಪ್ಪ, ಹಿಂದೆ ಒಂದು ತೂತಿದೆ, ಕಡ್ಡಿ ಹಾಕಿ ಒತ್ತಿ' ಅಂದೆ. ಆ ಬಟನ್ ಟಕ್ ಅಂತ ಒತ್ತಿ ಬಿಟ್ರೆ ರೂಟರ್ ಬರೀ ರೀಸ್ಟಾರ್ಟ್ ಆಗತ್ತೆ, ಐದು ಸೆಕೆಂಡ್‌ಗಿಂತ ಜಾಸ್ತಿ ಹಿಡಿದ್ರೆ ಎಲ್ಲಾ ಸೆಟ್ಟಿಂಗ್ ಅಳಿಸಿ ಹೊಸದರ ಹಾಗೆ ಆಗತ್ತೆ. ನಾನು ಎಷ್ಟು ಹೊತ್ತು ಒತ್ಬೇಕು ಅಂತ ಹೇಳ್ಲಿಲ್ಲ. ಅಪ್ಪ ಯಾವ ಕೆಲಸ ಮಾಡಿದ್ರೂ ಗಟ್ಟಿಯಾಗಿ ಮಾಡೋರು, ಹಿಡಿದೇ ಹಿಡಿದ್ರು. ಫೋನ್ ಕಟ್ ಆಯ್ತು.

ಅಲ್ಲಿಗೆ ಎಲ್ಲಾ ಹೋಯ್ತು. ಫೈಬರ್‌ಗೆ ಲಾಗಿನ್ ಆಗೋ ಪಿಪಿಪಿಒಇ ಯೂಸರ್‌ನೇಮ್ ಪಾಸ್‌ವರ್ಡ್ ಹೋಯ್ತು. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ರೀಸೆಟ್ ಆದ್ರೆ ವೈಫೈ ಆಫ್ ಆಗೇ ಬರತ್ತೆ, ಸುರಕ್ಷತೆಗೆ ಅಂತ ಹಾಗಿಟ್ಟಿದ್ದಾರೆ, ಕೇಬಲ್ ಹಾಕಿ ಒಳಗೆ ಹೋಗಿ ನಾವೇ ಆನ್ ಮಾಡ್ಬೇಕು. ಮನೇಲಿ ಲ್ಯಾಪ್‌ಟಾಪ್ ಇಲ್ಲ. ಫೋನೂ ಇಲ್ಲ ಈಗ.

ಮಾರನೇ ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಅಪ್ಪ ಗುಡ್ಡದ ಮೇಲಿನ ಗೇರು ಮರದ ಹತ್ರ ಹೋಗಿ ಫೋನ್ ಮಾಡಿದ್ರು, ಅಲ್ಲಿ ಒಂದೆರಡು ಕಡ್ಡಿ ಸಿಗ್ನಲ್ ಸಿಗತ್ತೆ. 'ಎಂತ ಮಾರಾಯ ಇದು, ಒಂದು ಲೈಟ್ ಮಾತ್ರ ಉರೀತಾ ಉಂಟು' ಅಂದ್ರು. ಯಾವ ಲೈಟ್ ಅಂತ ಕೇಳಿದೆ. 'ತಡಿ, ನೋಡ್ಕಂಡ್ ಬರ್ತೆ' ಅಂತ ಗುಡ್ಡ ಇಳಿದು ಮನೆಗೆ ಹೋಗಿ, ಒಂದು ಕಾಗದದಲ್ಲಿ ಡಬ್ಬಿಯ ಚಿತ್ರ ಬರೆದು, ಯಾವ ಲೈಟ್ ಉರೀತಿದೆ ಅಲ್ಲಿ ಚುಕ್ಕೆ ಇಟ್ಕೊಂಡು ಮತ್ತೆ ಗುಡ್ಡ ಹತ್ತಿ ಬಂದು ಹೇಳಿದ್ರು. ಎಪ್ಪತ್ತೊಂದು ವರ್ಷದವರು, ಆ ಬೆಳಿಗ್ಗೆ ಮೂರು ಸಲ ಹತ್ತಿ ಇಳಿದ್ರು. ಆ ಕಾಗದ ಇವತ್ತಿಗೂ ನನ್ನ ಹತ್ರ ಇದೆ. ದೂರದಿಂದ ಅಪ್‌ಗ್ರೇಡ್ ಮಾಡೋದು ಅಂದ್ರೇನು ಅಂತ ನಂಗೆ ನಿಜವಾಗಿ ಅರ್ಥ ಆಗಿದ್ದು ಅವತ್ತು, ಒಂದು ಟಿಕ್ ತಪ್ಪಿದ್ರೆ ಅದರ ಭಾರ ಹೊರೋರು ಆ ಕಡೆ ಇರೋರು.

ಶುಕ್ರವಾರ ರಾತ್ರಿ ಬಸ್ ಹತ್ತಿದೆ. ಶನಿವಾರ ಬೆಳಿಗ್ಗೆ ಕಾಫಿನೂ ಕುಡೀದೆ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ, 192.168.1.1 ಅನ್ನೋ ರೂಟರ್‌ನ ಪೇಜಿಗೆ ಹೋಗಿ ಬ್ಯಾಕಪ್ ವಾಪಸ್ ಹಾಕಿದೆ, ನೆಟ್ ಬಂತು, ವೈಫೈ ಬಂತು, ಅಮ್ಮನ ಫೋನಲ್ಲಿ ಮೂರು ದಿನದ ಮೆಸೇಜ್ ಟಣ್ ಟಣ್ ಅಂತ ಬಿದ್ವು. ಟನಲ್ ಮಾತ್ರ ಬರ್ಲಿಲ್ಲ. ಇಂಟರ್ಫೇಸ್ ಪಟ್ಟಿ ತೆಗೆದು ನೋಡ್ತೀನಿ, ಟನಲ್ ಹೆಸರು ಇದೆ, ಕೀ ಇದೆ, ಸರ್ವರ್ ಅಡ್ರೆಸ್ ಇದೆ, ಅದರ ಪಕ್ಕ 'ಅನ್‌ಸಪೋರ್ಟೆಡ್ ಪ್ರೋಟೋಕಾಲ್' ಅಂತ ಬಂದಿದೆ. ಆಗ ಗೊತ್ತಾಯ್ತು. ಅಪ್‌ಗ್ರೇಡ್ ನನ್ನ ಸೆಟ್ಟಿಂಗ್ ಎಲ್ಲಾ ಉಳಿಸಿತ್ತು, ಆದ್ರೆ ಆ ಸೆಟ್ಟಿಂಗ್ ಓದಿ ಕೆಲಸ ಮಾಡೋ ವೈರ್‌ಗಾರ್ಡ್ ಪ್ಯಾಕೇಜ್‌ನ ಉಳಿಸಿರ್ಲಿಲ್ಲ, ಯಾಕಂದ್ರೆ ಅದು ನಾನು ಆಮೇಲೆ ಸೇರಿಸಿದ್ದು, ಹೊಸ ಇಮೇಜಲ್ಲಿ ಇರ್ಲಿಲ್ಲ. ಬೀಗದ ಕೈ ಜೋಪಾನವಾಗಿದೆ, ಬಾಗಿಲೇ ಇಲ್ಲ. ಮನೆಯವರಿಗೆ ಆ ರಾತ್ರಿ ಏನೂ ಆಗಿರ್ಲಿಲ್ಲ, ನನ್ನ ದಾರಿ ಮಾತ್ರ ಮುಚ್ಚಿತ್ತು, ನಾನೇ ಗಾಬರಿ ಬಿದ್ದು ಅಪ್ಪನ ಕೈಲಿ ಮನೆದೂ ಮುಚ್ಚಿಸ್ದೆ.

ಈ ಕೆಲಸದ ಗುಣವೇ ಇದು, ಕೂತ ಕೊಂಬೆನೇ ಕಡೀಬೇಕು. ಯಾವ ದಾರಿಯಿಂದ ಒಳಗೆ ಹೋಗಿದ್ದೀವೋ ಅದೇ ದಾರೀನ ಕಿತ್ತು ಹೊಸದು ಹಾಕ್ತಾ ಇರ್ತೀವಿ. ದೊಡ್ಡ ರೂಟರ್‌ಗಳಲ್ಲಿ ಕೆಲಸ ಮಾಡೋರು ಹಳೇ ಕಾಲದಿಂದ ಒಂದು ಅಭ್ಯಾಸ ಇಟ್ಕೊಂಡಿದ್ದಾರೆ, ದೂರದ ರೂಟರ್‌ನಲ್ಲಿ ಏನೇ ಬದಲಾಯಿಸೋ ಮುಂಚೆ 'ರಿಲೋಡ್ ಇನ್ 10' ಅಂತ ಕೊಟ್ಟು ಇಡ್ತಾರೆ, ಹತ್ತು ನಿಮಿಷದಲ್ಲಿ ತಾನಾಗೇ ರೀಸ್ಟಾರ್ಟ್ ಆಗಿ ಹಳೇ ಸೆಟ್ಟಿಂಗಿಗೆ ಹೋಗ್ಲಿ ಅಂತ. ಎಲ್ಲಾ ಸರಿ ಇದ್ರೆ ಕ್ಯಾನ್ಸಲ್ ಮಾಡ್ತಾರೆ, ಹೊರಗೆ ಸಿಕ್ಕಾಕೊಂಡ್ರೆ ಹತ್ತು ನಿಮಿಷ ಕಾಯ್ತಾರೆ ಅಷ್ಟೇ. ಓಪನ್‌ಡಬ್ಲ್ಯೂಆರ್‌ಟಿಯ ವೆಬ್ ಪೇಜಲ್ಲೂ ಸೆಟ್ಟಿಂಗ್ ಬದಲಾಯಿಸಿದ ಮೇಲೆ ಬ್ರೌಸರ್ ವಾಪಸ್ ಸೇರ್ಲಿಲ್ಲ ಅಂದ್ರೆ ತಾನೇ ಹಳೇದಕ್ಕೆ ಹೋಗೋ ಏರ್ಪಾಡು ಇದೆ. ಆದ್ರೆ ಫರ್ಮ್‌ವೇರ್‌ಗೆ ಇದು ಆಗಲ್ಲ, ಕಮ್ಮಿ ರೇಟಿನ ಡಬ್ಬಿಗಳಲ್ಲಿ ಫ್ಲ್ಯಾಶ್ ಮೆಮೊರಿಯಲ್ಲಿ ಒಂದೇ ಇಮೇಜಿಗೆ ಜಾಗ, ಹಳೇದರ ಮೇಲೇ ಹೊಸದು ಬರೀಬೇಕು. ಬರೀತಾ ಇರೋವಾಗ ಕರೆಂಟ್ ಹೋದ್ರೆ ಅರ್ಧ ಹಳೇದು ಅರ್ಧ ಹೊಸದು, ಡಬ್ಬಿ ಇಟ್ಟಿಗೆ. ಎರಡು ಇಮೇಜಿಗೆ ಜಾಗ ಇರೋ ರೂಟರ್‌ಗಳೂ ಇವೆ, ಹೊಸದು ಕೆಲವು ಸಲ ಬೂಟ್ ಆಗ್ಲಿಲ್ಲ, ಅಂದ್ರೆ ಶುರುನೇ ಆಗ್ಲಿಲ್ಲ ಅಂದ್ರೆ ಹಳೇದಕ್ಕೆ ತಾನಾಗೇ ಹೋಗ್ತಾವೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗೋ ನಮ್ಮ ಕಡೆಗೆ ಕೊಡ್ಬೇಕಾಗಿದ್ದು ಆ ಥರದ್ದು, ಸಿಗೋದು ಒಂದೇ ಜಾಗದ್ದು.

ಇನ್ನೊಂದು ಮಾತು, ಸೆಟ್ಟಿಂಗ್ ಉಳಿಸೋದು ಯಾವಾಗ್ಲೂ ಸಾಧ್ಯನೂ ಅಲ್ಲ, ಇದನ್ನ ಒಪ್ಕೋಬೇಕು. 2021ರಲ್ಲಿ 21.02 ಬಂದಾಗ ಎಷ್ಟೋ ಮಾಡೆಲ್‌ಗಳಲ್ಲಿ ಲ್ಯಾನ್ ಪೋರ್ಟ್‌ಗಳನ್ನ (ಕೇಬಲ್ ಸಿಕ್ಕಿಸೋ ಜಾಗಗಳನ್ನ) ಸೆಟ್ಟಿಂಗಲ್ಲಿ ಬರೆಯೋ ರೀತೀನೇ ಬದಲಾಯ್ತು, ಹಳೇ ಸೆಟ್ಟಿಂಗ್ ಹೊಸದಕ್ಕೆ ಅರ್ಥವೇ ಆಗ್ತಿರ್ಲಿಲ್ಲ. ಆಗ ಆ ತಂಡದವರು ಮಾಡಿದ್ದು ನಂಗೆ ಬಹಳ ಇಷ್ಟ ಆಯ್ತು, ಸೆಟ್ಟಿಂಗ್ ಉಳಿಸ್ಕೊಂಡು ಅಪ್‌ಗ್ರೇಡ್ ಮಾಡ್ತೀನಿ ಅಂದ್ರೆ ರೂಟರ್ರೇ ಒಪ್ತಿರ್ಲಿಲ್ಲ, ಇದು ಹೊಂದಲ್ಲ ಅಂತ ಹೇಳಿ ನಿಲ್ಲಿಸ್ತಿತ್ತು. ಏನೂ ಹೇಳ್ದೆ ಅಳಿಸೋದಕ್ಕಿಂತ ಆಗಲ್ಲ ಅಂತ ಹೇಳಿ ನಿಲ್ಲೋದು ಸಾವಿರ ಪಾಲು ಮೇಲು.

ಈಗ ಕಂಪನಿಗಳ ವಿಷಯಕ್ಕೆ ಬರ್ತೀನಿ, ಪತ್ರ ಬರೆದಿದ್ದೇ ಇದಕ್ಕೆ. ಈ ವರ್ಷ ನಮ್ಮೂರ ಸೊಸೈಟಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದು ನೋಡಿದ್ರೆ ಕಂಪ್ಯೂಟರಿಗೆ ನೆಟ್ ಇಲ್ಲ, ಸಿಸಿ ಕ್ಯಾಮೆರಾ ಇಲ್ಲ. ಫೈಬರ್ ಡಬ್ಬಿಯಲ್ಲಿ ಎಲ್ಲಾ ಲೈಟೂ ಹಸಿರು. ಕಸ್ಟಮರ್ ಕೇರ್‌ಗೆ ಮಾಡಿದ್ರೆ 'ನಮ್ಮ ಕಡೆ ಲೈನ್ ಸರಿ ಇದೆ ಸರ್, ಡಬ್ಬಿ ಆನ್‌ಲೈನ್ ಇದೆ ಸರ್' ಅಂತ ಒಂದೇ ರಾಗ. ನಾನು ಹಬ್ಬಕ್ಕೆ ಅಂತ ಊರಲ್ಲಿದ್ದೆ, ಹೋಗಿ ನೋಡ್ದೆ. ಕಂಪನಿಯವರು ರಾತ್ರೋರಾತ್ರಿ ದೂರದಿಂದ ಫರ್ಮ್‌ವೇರ್ ಬದಲಾಯಿಸಿದ್ರು, ಪೇಜಲ್ಲಿ ಆವೃತ್ತಿ ನಂಬರ್ ಬೇರೆ ಇತ್ತು. ಡಬ್ಬಿ ಬ್ರಿಡ್ಜ್ ಮೋಡಲ್ಲಿತ್ತು, ಅಂದ್ರೆ ಲಾಗಿನ್ ಕೆಲಸ ಸೊಸೈಟಿಯ ರೂಟರಿಗೇ ಬಿಟ್ಟು ತಾನು ಬರೀ ಲೈನ್ ದಾಟಿಸ್ತಿತ್ತು, ಅದು ಹೋಗಿ ಮಾಮೂಲಿಗೆ ಬಂದಿತ್ತು, ಸೊಸೈಟಿಯ ರೂಟರ್ ಲಾಗಿನ್ ಆಗೋಕೆ ನೋಡಿ ನೋಡಿ ಸೋಲ್ತಾ ಇತ್ತು. ವೈಫೈ ಹೆಸರು ಪಾಸ್‌ವರ್ಡ್ ಡಬ್ಬಿಯ ತಳದ ಸ್ಟಿಕ್ಕರಲ್ಲಿ ಏನಿದೆಯೋ ಅದಾಗಿತ್ತು. ಅಡ್ಮಿನ್ ಪಾಸ್‌ವರ್ಡ್ ಸಹ ಸ್ಟಿಕ್ಕರಿಂದೇ ಆಗಿತ್ತು. ಕಸ್ಟಮರ್ ಕೇರ್‌ನ ಹುಡುಗಿಯದ್ದು ತಪ್ಪಿಲ್ಲ, ಆಕೆಗೆ ಕಾಣೋದು ಲೈನ್ ಇದೆಯಾ ಇಲ್ವಾ ಅಷ್ಟೇ, ಒಳಗೆ ನಮ್ಮ ಸೆಟ್ಟಿಂಗ್ ಇತ್ತು ಅಂತ್ಲೇ ಅವರ ಸಿಸ್ಟಮ್‌ಗೆ ಗೊತ್ತಿಲ್ಲ. ಲೋಕಲ್ ಕೇಬಲ್‌ನವರು ಬಂದು ಅವರ ಡೈರಿಯಲ್ಲಿ ಪೆನ್ಸಿಲಲ್ಲಿ ಬರ್ಕೊಂಡಿದ್ದ ಯೂಸರ್‌ನೇಮ್ ಕೊಟ್ಟಿದ್ದಕ್ಕೆ ಸಂಜೆ ಹೊತ್ತಿಗೆ ಸರಿ ಆಯ್ತು. ಅಷ್ಟು ಹೊತ್ತು ಗೊಬ್ಬರದ ಬಿಲ್ಲಿಗೆ ಬಂದ ಜನ ಮೆಟ್ಟಿಲ ಮೇಲೆ ಕೂತಿದ್ರು.

ಹಾಗಂತ ಅಪ್‌ಡೇಟೇ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಯಾರೂ ಹಾಗೆ ತಿಳ್ಕೋಬೇಡಿ. ಅಪ್‌ಡೇಟ್ ಆಗ್ಲೇಬೇಕು. 2016ರ ನವೆಂಬರ್ ಕೊನೇಲಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರ್ ಕೈಕೊಟ್ಟಿದ್ವು, ಮಿರಾಯ್ ಅನ್ನೋ ಮಾಲ್‌ವೇರ್‌ನ (ಹಾನಿ ಮಾಡೋ ಸಾಫ್ಟ್‌ವೇರ್‌ನ) ಹೊಸ ರೂಪ ಅದು, ಬಂದಿದ್ದು 7547ನೇ ಪೋರ್ಟಿಂದ, ಅಂದ್ರೆ ನೆಟ್‌ನಿಂದ ರೂಟರ್ ಒಳಗೆ ಬರೋ ಆ ನಂಬರಿನ ಬಾಗಿಲಿಂದ. ಆ ಪೋರ್ಟ್ ಇರೋದೇ ಟಿಆರ್-069 ಅಂತ 2004ರಿಂದ ಇರೋ ವ್ಯವಸ್ಥೆಗೆ, ಕಂಪನಿಗಳು ದೂರದಿಂದ ಮನೆ ರೂಟರ್ ನೋಡ್ಕೊಳ್ಳೋದು, ಫರ್ಮ್‌ವೇರ್ ಹಾಕೋದು ಅದ್ರಿಂದ್ಲೇ. ನಮ್ಮ ರಾಜ್ಯದಲ್ಲೇ 2017ರ ಜುಲೈನಲ್ಲಿ ಬಿಎಸ್ಸೆನ್ನೆಲ್ ಮೋಡೆಮ್‌ಗಳಿಗೆ ಮಾಲ್‌ವೇರ್ ಬಡಿದಾಗ ಸಿಕ್ಕಿಬಿದ್ದಿದ್ದು ಫ್ಯಾಕ್ಟರಿಯಿಂದ ಬಂದ ಅಡ್ಮಿನ್-ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸದೇ ಇದ್ದವು. ಅದಕ್ಕೇ ಸೆಟ್ಟಿಂಗ್ ಅಳಿಸೋದು ಬರೀ ಅನಾನುಕೂಲ ಅಲ್ಲ ಅಂತ ನಾನು ಹೇಳೋದು, ಸುರಕ್ಷತೆಗೆ ಅಂತ ಮಾಡೋ ಅಪ್‌ಡೇಟ್ ಗ್ರಾಹಕ ಇಟ್ಕೊಂಡಿದ್ದ ಗಟ್ಟಿ ಪಾಸ್‌ವರ್ಡ್ ತೆಗೆದು ಫ್ಯಾಕ್ಟರಿದು ಕೂರಿಸಿದ್ರೆ ಅಷ್ಟೂ ಕೆಲಸ ನೀರಲ್ಲಿ ಹೋಮ. ಸೊಸೈಟಿಯಲ್ಲಿ ಅದೇ ಆಗಿತ್ತು, ಸ್ಟಿಕ್ಕರ್ ಕೌಂಟರ್ ಹತ್ರ ನಿಂತವರಿಗೆಲ್ಲಾ ಕಾಣೋ ಜಾಗದಲ್ಲಿತ್ತು.

ಇನ್ನೂ ಕೆಟ್ಟದ್ದು 2023ರ ಅಕ್ಟೋಬರಲ್ಲಿ ಅಮೆರಿಕಾದಲ್ಲಿ ಆಗಿದ್ದು, ಒಂದೇ ಕಂಪನಿಯ 6 ಲಕ್ಷಕ್ಕೂ ಹೆಚ್ಚು ರೂಟರ್ 72 ಗಂಟೆ ಒಳಗೆ ಸತ್ತುಹೋದ್ವು, ಯಾರೋ ದುಷ್ಟರು ಬೇಕಂತ್ಲೇ ಮಾಡಿದ್ದು. ದೂರದಿಂದ ಸರಿ ಮಾಡೋಕಾಗದೇ ಡಬ್ಬಿನೇ ಬದಲಾಯಿಸ್ಬೇಕಾಯ್ತು. ಇದರ ವಿವರ ಹೊರಗೆ ಬಂದಿದ್ದು 2024ರ ಮೇನಲ್ಲಿ. ಅಲ್ಲೂ ಹಳ್ಳಿ ಕಡೆ ಜನ ತುಂಬಾ ಇದ್ರು. ನಮ್ಮ ತಾಲೂಕಲ್ಲಿ ಹಾಗಾದ್ರೆ ಹೊಸ ಡಬ್ಬಿ ಹೊತ್ಕೊಂಡು ಮನೆಮನೆಗೆ ಹೋಗೋಕೆ ಎಷ್ಟು ಜನ ಲೈನ್‌ಮನ್‌ಗಳಿದ್ದಾರೆ, ಯೋಚನೆ ಮಾಡಿ.

ಅಪ್‌ಗ್ರೇಡ್ ಮಾಡೋ ಸಲಕರಣೆಯನ್ನೂ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ನಾನು ಈಗ ಬಳಸೋದು ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಅನ್ನೋದನ್ನ, ನಮ್ಮ ರೂಟರಲ್ಲಿ ಯಾವ ಯಾವ ಪ್ಯಾಕೇಜ್ ಇದೆ ಅಂತ ನೋಡಿ ಅದೆಲ್ಲಾ ಸೇರಿಸಿ ಹೊಸ ಇಮೇಜ್ ಕಟ್ಟಿ ಕೊಡತ್ತೆ, ನಂಗೆ ಆದ ಅನಾಹುತಕ್ಕೆ ಸರಿಯಾದ ಮದ್ದು. 2024ರ ಡಿಸೆಂಬರಲ್ಲಿ ಅದರ ಸರ್ವರಲ್ಲೇ ಒಂದು ದೋಷ ಸಿಕ್ತು, 64 ಅಕ್ಷರದ ಗುರುತಿನಲ್ಲಿ ಬರೀ ಮೊದಲ 12 ಅಕ್ಷರ ನೋಡಿ ಇಮೇಜ್ ಆರಿಸ್ತಿತ್ತಂತೆ, ಅಂದ್ರೆ ನಮ್ಮದರ ಬದಲು ಬೇರೆ ಇಮೇಜ್ ಬರೋ ಅಪಾಯ ಇತ್ತು. ತಂಡದವರು ವಿಷಯ ಮುಚ್ಚಿಡ್ಲಿಲ್ಲ, ಗೊತ್ತಾದ ಕೆಲವೇ ಗಂಟೆಯಲ್ಲಿ ಸರಿ ಮಾಡಿ ಎಲ್ಲರಿಗೂ ಹೇಳಿದ್ರು. ಹಣ ತಗೊಂಡು ಸೇವೆ ಕೊಡೋ ಕಂಪನಿಗಳಿಂದ ನಾವು ಕೇಳೋದೂ ಇಷ್ಟೇ ಪ್ರಾಮಾಣಿಕತೆ.

ಏನು ಮಾಡ್ಬೇಕು ಅಂತ ಕೇಳಿದ್ರೆ ದೊಡ್ಡ ವಿಷಯ ಏನೂ ಇಲ್ಲ. ಅಪ್‌ಡೇಟ್ ಹಾಕೋ ಎರಡು ದಿನ ಮುಂಚೆ ಒಂದು ಎಸ್ಸೆಮ್ಮೆಸ್, ಕನ್ನಡದಲ್ಲಿ, ಇಂಥ ರಾತ್ರಿ ಇಷ್ಟು ಗಂಟೆಗೆ ಅಂತ. ರೀಚಾರ್ಜ್ ಮುಗೀತು ಅಂತ ದಿನಕ್ಕೆ ಮೂರು ಕಳಿಸೋರಿಗೆ ಇದು ಕಷ್ಟ ಅಲ್ಲ. ಹಾಕೋ ಮುಂಚೆ ಆ ಡಬ್ಬಿಯ ಸೆಟ್ಟಿಂಗ್ ಒಂದು ಪ್ರತಿ ಇಳಿಸ್ಕೊಂಡು ಆಮೇಲೆ ಹಾಕಿ ನೋಡ್ಲಿ, ಹೊಂದಲ್ಲ ಅಂದ್ರೆ ಆ ಡಬ್ಬಿಗೆ ಹಾಕೋದು ನಿಲ್ಸಿ ಲೋಕಲ್‌ನವರನ್ನ ಕಳಿಸ್ಲಿ. ಮೊದ್ಲು ಹತ್ತಿಪ್ಪತ್ತು ಮನೆಗೆ ಹಾಕಿ ವಾರ ನೋಡಿ ಆಮೇಲೆ ಎಲ್ಲರಿಗೂ ಹಾಕೋದು ನಮ್ಮ ಕೆಲಸದಲ್ಲಿ ಮೊದಲ ಪಾಠ, ಅದನ್ನ ಬಿಡಬಾರದು. ಮಲೆನಾಡಿಗೆ ಜೂನ್ ಜುಲೈನಲ್ಲಿ ತೀರಾ ತುರ್ತು ಇಲ್ಲದ್ದನ್ನ ಹಾಕಲೇಬೇಡಿ, ಕರೆಂಟ್ ಯಾವ ಹೊತ್ತಿಗೆ ಹೋಗತ್ತೆ ಮೆಸ್ಕಾಂನವರಿಗೂ ಗೊತ್ತಿರಲ್ಲ.

ಎಲ್ಲಕ್ಕಿಂತ ಮುಖ್ಯ ಒಂದಿದೆ. ಕನೆಕ್ಷನ್ ಕೊಡೋ ದಿನವೇ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವ್ಲಾನ್ ನಂಬರ್ (ಲೈನಿಗೆ ಕಂಪನಿ ಇಟ್ಟಿರೋ ಗುರುತಿನ ನಂಬರ್) ಈ ಮೂರನ್ನ ಗ್ರಾಹಕನಿಗೆ ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ನಾವು ದುಡ್ಡು ಕೊಡೋ ಲೈನಿನ ಕೀಲಿಕೈ ನಮ್ಮ ಹತ್ರ ಇಲ್ಲದೇ ಯಾರದ್ದೋ ಡೈರಿಯಲ್ಲಿ ಪೆನ್ಸಿಲಲ್ಲಿ ಇರೋದು ಯಾವ ನ್ಯಾಯ? ಕೇಳಿದ್ರೆ 'ಅದು ಇಂಟರ್ನಲ್ ಸರ್' ಅಂತಾರೆ.

ರೂಟರ್ ಮತ್ತು ಮನೆ ವೈಫೈ ಡಬ್ಬಿಗಳಿಗೆ ಸುರಕ್ಷತೆಯ ಷರತ್ತು ಬರೆಯೋ ಕೇಂದ್ರ ಸರಕಾರದ ಕಚೇರಿ, ನ್ಯಾಷನಲ್ ಸೆಂಟರ್ ಫಾರ್ ಕಮ್ಯುನಿಕೇಷನ್ ಸೆಕ್ಯುರಿಟಿ, ನಮ್ಮ ಬೆಂಗಳೂರಲ್ಲೇ ಇದೆ. ಒಳ್ಳೇ ಕೆಲಸ ಮಾಡ್ತಿದ್ದಾರೆ. ಅಪ್‌ಡೇಟ್ ಆದ್ಮೇಲೆ ಗ್ರಾಹಕ ಇಟ್ಟ ಪಾಸ್‌ವರ್ಡ್, ಸೆಟ್ಟಿಂಗ್ ಹಾಗೇ ಇರ್ಬೇಕು, ಬೂಟ್ ಆಗ್ಲಿಲ್ಲ ಅಂದ್ರೆ ಹಳೇ ಫರ್ಮ್‌ವೇರ್‌ಗೆ ತಾನಾಗೇ ವಾಪಸ್ ಹೋಗ್ಬೇಕು, ಈ ಎರಡು ಮಾತನ್ನ ಕಡ್ಡಾಯ ಮಾಡಿ ಅಂತ ಅವರಲ್ಲಿ ಕೈಮುಗಿದು ಕೇಳ್ತೀನಿ. ಟ್ರಾಯ್‌ನವರು (ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡೋ ಸಂಸ್ಥೆ) ಸೇವೆಯ ಗುಣಮಟ್ಟ ಅಳೆಯೋವಾಗ ಲೈನ್ ಇತ್ತಾ ಅಂತ ನೋಡೋದರ ಜೊತೆ ಡಬ್ಬಿ ಒಳಗೆ ನೆಟ್ ಬರ್ತಿತ್ತಾ ಅಂತಲೂ ಕೇಳ್ಲಿ.

ನಮ್ಮನೇಲಿ ಈಗ ಅಲ್ಮೇರಾ ಬಾಗಿಲ ಒಳಗಡೆ ಒಂದು ಕಾಗದ ಅಂಟಿಸಿದ್ದೀನಿ, ಆ ಮೂರೂ ವಿವರ ದಪ್ಪ ಅಕ್ಷರದಲ್ಲಿ, ಕೆಳಗೆ ಅಪ್ಪನ ಕೈಬರಹದಲ್ಲಿ 'ತೂತು ಒತ್ತಬಾರದು' ಅಂತ ಇದೆ. ಅದೇ ಸೆಟ್ಟಿಂಗ್ ಹಾಕಿದ ಇನ್ನೊಂದು ರೂಟರ್ ಅಟ್ಟದ ಮೇಲೆ ಡಬ್ಬಿಯಲ್ಲಿದೆ, ಇದು ಕೆಟ್ರೆ ಎರಡು ವೈರ್ ತೆಗೆದು ಅದಕ್ಕೆ ಹಾಕಿದ್ರೆ ಸಾಕು, ಅಮ್ಮ ಒಂದು ಸಲ ಮಾಡಿನೂ ನೋಡಿದ್ದಾರೆ. ಮುಂದಿನ ಅಪ್‌ಗ್ರೇಡ್ ದೀಪಾವಳಿಗೆ ಊರಿಗೆ ಹೋದಾಗ, ಹಗಲು ಹೊತ್ತು, ಕೇಬಲ್ ಹಾಕ್ಕೊಂಡು.

ಇತಿ,
ಹೊಸನಗರ ತಾಲೂಕಿನ ಒಬ್ಬ ಓದುಗ, ಸದ್ಯ ಬೆಂಗಳೂರು